ಕೋರ್ಟು ಏಳುವವರೆಗೆ

‘ಕೋರ್ಟು ಏಳುವವರೆಗೆ ಸಜೆ’ ಎಂಬುದೊಂದು ಶಿಕ್ಷೆ ನಮ್ಮ ನ್ಯಾಯಾಲಯಗಳಲ್ಲಿ ಇದೆ. ತಪ್ಪಿತಸ್ಥ ಕಟಕಟೆಯಿಂದ ಇಳಿದು ಹಿಂದಿನ ಬೆಂಚಿನಲ್ಲಿ ಕುಳಿತಿರಬೇಕು. ನ್ಯಾಯಾಧೀಶರು ಅಂದಿನ ಕೆಲಸ ಮುಗಿಸಿ ಎದ್ದರೆ ಸಜೆಯೂ ಮುಗಿಯಿತು, ದಂಡ ಕಟ್ಟಿದ ರಸೀದಿ ಹಿಡಿದುಕೊಂಡು ಸಂಜೆಯ ಬಸ್ಸಿಗೆ ಮನೆಗೆ ಹೋಗಬಹುದು. ಸಣ್ಣಪುಟ್ಟ ತಪ್ಪುಗಳಿಗೆ ಇದು ಒಳ್ಳೆಯ ಏರ್ಪಾಡೇ. ಅಂಥವರನ್ನು ಜೈಲಿಗೆ ತಳ್ಳುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಅಡ್ಡಾದಿಡ್ಡಿ ಗಾಡಿ ಓಡಿಸಿ ಒಬ್ಬ ಮನುಷ್ಯನನ್ನು ಕೊಂದವನಿಗೂ ಇದೇ ಶಿಕ್ಷೆ ಕೊಡುವುದಕ್ಕೆ ಕಾನೂನಿನಲ್ಲಿ ತಡೆಯಿಲ್ಲ. ಹಾಗೆ ಆದ ದಿನ ಸತ್ತವನ ಮನೆಯವರು ಯಾರ ಬಳಿಗೆ ಹೋಗಬೇಕು, ಏನೆಂದು ಕೇಳಬೇಕು ಎಂಬುದು ಈ ಲೇಖನದ ಪ್ರಶ್ನೆ.

ನಾನು ಇದನ್ನು ಕೇರಳದ ಕಾಸರಗೋಡಿನ ಗಡಿಯ ಊರಾದ ಬಾಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಉಪ್ಪಳದ ಕೈಕಂಬದಲ್ಲಿ ರಾಷ್ಟ್ರೀಯ ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಗುಡ್ಡೆ, ತೋಟ, ಪದವುಗಳ ನಡುವೆ ಏರಿಳಿಯುತ್ತ ಬಾಯಾರು ದಾಟಿ ಕನ್ಯಾನಕ್ಕೆ, ಎಂದರೆ ಕರ್ನಾಟಕಕ್ಕೆ, ಹೋಗುವ ರಸ್ತೆ ಅದು. ಒಂದು ಕಾಲಕ್ಕೆ ಜನ ತುಂಬಿದ ಜೀಪುಗಳು ಏದುಸಿರು ಬಿಡುತ್ತ ಹತ್ತುತ್ತಿದ್ದ ದಾರಿಗಳೆಲ್ಲ ಈಗ ಡಾಮರು ಕಂಡಿವೆ. ಕೆಂಪುಕಲ್ಲಿನ ಲಾರಿ, ಜಲ್ಲಿಯ ಟಿಪ್ಪರ್, ಅಡಕೆಯ ಪಿಕಪ್, ಹುಡುಗರ ಬೈಕು ಎಲ್ಲವೂ ಅದೇ ದಾರಿಯಲ್ಲಿ. ನಂದಾರಪದವಿನಿಂದ ಪಾರಶ್ಶಾಲೆಯವರೆಗೆ ಹೋಗುವ ಮಲೆನಾಡ ಹೆದ್ದಾರಿಯೂ ಇದೇ ಪೈವಳಿಕೆ ಪಂಚಾಯತಿನ ಚೇವಾರಿನ ಬದಿಯಿಂದ ಹಾದುಹೋಗುತ್ತದೆ. ರಸ್ತೆ ಚೆನ್ನಾದದ್ದು ಸಂತೋಷವೇ. ಆದರೆ ತಿರುವುಗಳು ಹಿಂದಿನವೇ, ರಸ್ತೆಯ ಅಂಚಿನಲ್ಲಿ ಶಾಲೆಗೂ ಮದ್ರಸಕ್ಕೂ ಹಾಲಿನ ಸೊಸೈಟಿಗೂ ನಡೆದುಹೋಗುವವರೂ ಹಿಂದಿನವರೇ. ಹೆಚ್ಚಿದ್ದು ವೇಗ ಮಾತ್ರ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಹೇಳುತ್ತದೆ. ಅಂಥ ಸಾವಿನ ಸುದ್ದಿ ಒಮ್ಮೆಯಾದರೂ ಬಂದು ತಟ್ಟದ ಊರು ನಮ್ಮ ಗಡಿನಾಡಿನಲ್ಲಿ ಇರಲಾರದು.

ಬಾಯಾರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಂಜೆ ಅಂಗಡಿಯಿಂದ ಸಾಮಾನು ಹಿಡಿದುಕೊಂಡು ಬರುತ್ತಿದ್ದ ಮನೆಯ ಯಜಮಾನನಿಗೆ, ತಿರುವಿನಲ್ಲಿ ಇನ್ನೊಂದು ಗಾಡಿಯನ್ನು ಹಿಂದಿಕ್ಕಲು ನುಗ್ಗಿದ ವಾಹನ ಬಡಿಯುತ್ತದೆ. ದೊಡ್ಡ ಆಸ್ಪತ್ರೆ ಎಂದರೆ ನಮಗೆ ಮಂಗಳೂರು. ಅಲ್ಲಿ ಪ್ರಾಣ ಹೋಗುತ್ತದೆ. ಅಪಘಾತ ಆದದ್ದು ಕೇರಳದಲ್ಲಿ, ಸಾವು ಕರ್ನಾಟಕದಲ್ಲಿ. ಆಸ್ಪತ್ರೆಯ ಕಡೆಯ ಕಾಗದ ಒಂದು ರಾಜ್ಯದ ಪೊಲೀಸರಿಂದ, ಸ್ಥಳದ ಮಹಜರು ಇನ್ನೊಂದು ರಾಜ್ಯದ ಪೊಲೀಸರಿಂದ. ಎಲ್ಲ ಒಟ್ಟಾಗಿ ಕಾಸರಗೋಡಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಚಾರ್ಜ್‌ಶೀಟು ಹೋಗುವ ಹೊತ್ತಿಗೆ ವರ್ಷವಾದರೂ ಆಶ್ಚರ್ಯವಿಲ್ಲ. ಈ ನಡುವೆ ಮನೆಯವರಿಗೆ ಪರಿಚಯವಾಗುವುದು ಇನ್ಶೂರೆನ್ಸಿನ ಕ್ಲೇಮ್ ಕೇಸು. ಅದಕ್ಕೆ ವಕೀಲರು ಇರುತ್ತಾರೆ, ತಾರೀಕು ಗೊತ್ತಿರುತ್ತದೆ, ಕೊನೆಗೆ ಹಣ ಬರುತ್ತದೆ. ಕ್ರಿಮಿನಲ್ ಕೇಸು ಇದಕ್ಕಿಂತ ಬೇರೆ ಎಂಬುದೇ ಬಹಳ ಮನೆಗಳಿಗೆ ಸರಿಯಾಗಿ ತಿಳಿದಿರುವುದಿಲ್ಲ. ಅಲ್ಲಿ ದೂರುದಾರ ಸರಕಾರ, ವಾದಿಸುವವರು ಸರಕಾರಿ ವಕೀಲರು. ಮನೆಯವರು ಬರೀ ಸಾಕ್ಷಿಗಳು. ಸಾಕ್ಷಿ ಹೇಳಿ ಬಂದ ಮೇಲೆ ಅವರ ಕೆಲಸ ಮುಗಿಯಿತು. ತೀರ್ಪು ಎಂದು ಬಂತು, ಏನಾಯಿತು ಎಂದು ಹೇಳಿಕಳುಹಿಸುವವರಿಲ್ಲ. ‘ಅವನು ಫೈನ್ ಕಟ್ಟಿ ಹೋದನಂತೆ’ ಎಂದು ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಹೇಳಿ ಗೊತ್ತಾಗಬೇಕು.

ಈ ಅಪರಾಧವನ್ನು ಕಾನೂನು ಹೇಗೆ ತೂಗಿದೆ ನೋಡಿ. ಭಾರತೀಯ ದಂಡ ಸಂಹಿತೆ ಬಂದದ್ದು 1860ರಲ್ಲಿ. ಅಜಾಗರೂಕತೆಯಿಂದ ಸಾವು ಉಂಟುಮಾಡುವ ಅಪರಾಧವನ್ನು 304ಎ ಎಂದು ಅದರಲ್ಲಿ ಸೇರಿಸಿದ್ದು 1870ರಲ್ಲಿ, ಎತ್ತಿನ ಗಾಡಿ ಕುದುರೆ ಗಾಡಿಗಳ ಕಾಲದಲ್ಲಿ. ಹೆಚ್ಚೆಂದರೆ 2 ವರ್ಷ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಮೋಟಾರು ಬಂತು, ಲಾರಿ ಬಂತು, ಗಂಟೆಗೆ ನೂರು ಮೈಲಿ ಓಡುವ ಕಾರು ಬಂತು, ಆ 2 ವರ್ಷ ಕದಲಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅದನ್ನು 5 ವರ್ಷಕ್ಕೆ ಏರಿಸಿತು. ಬರೀ ದಂಡದಲ್ಲಿ ಮುಗಿಸುವಂತಿಲ್ಲ, ಸಜೆ ಇರಲೇಬೇಕು ಎಂದೂ ಮಾಡಿತು. ಆದರೆ ಕನಿಷ್ಠ ಎಷ್ಟು ಎಂದು ಹೇಳಲಿಲ್ಲ. ಹಾಗಾಗಿ ಹಿಂದಿನ ಬೆಂಚಿನಲ್ಲಿ ಸಂಜೆಯವರೆಗೆ ಕುಳಿತುಕೊಳ್ಳುವ ಸಜೆ ಇನ್ನೂ ಉಳಿದೇ ಇದೆ. ಅಪಘಾತ ಮಾಡಿ ಯಾರಿಗೂ ತಿಳಿಸದೆ ಓಡಿಹೋದವನಿಗೆ 10 ವರ್ಷದವರೆಗೆ ಎಂಬ ಎರಡನೆಯ ಉಪಕಲಮು ಕಾಗದದ ಮೇಲಿದೆ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ ಅದನ್ನು ಜಾರಿಗೆ ತರದೆ ತಡೆಹಿಡಿದರು.

ಗರಿಷ್ಠ ಶಿಕ್ಷೆ ಎಷ್ಟು ಎಂಬ ಚರ್ಚೆಯಲ್ಲಿ ನಾವು ವರ್ಷಗಟ್ಟಲೆ ಕಳೆದಿದ್ದೇವೆ. ನನಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಕೊಟ್ಟ ಶಿಕ್ಷೆ ತೀರ ಕಡಿಮೆಯಾಯಿತು ಎಂದು ಹೇಳುವ ಹಕ್ಕು ಯಾರಿಗಿದೆ ಎಂಬುದು. ಉತ್ತರ ಚಿಕ್ಕದು: ಸರಕಾರಕ್ಕೆ ಮಾತ್ರ. 1973ರ ದಂಡ ಪ್ರಕ್ರಿಯಾ ಸಂಹಿತೆಯ 377ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 418, ಶಿಕ್ಷೆ ಸಾಲದು ಎಂದು ಅಪೀಲು ಹೋಗುವ ಅಧಿಕಾರವನ್ನು ರಾಜ್ಯ ಸರಕಾರದ ಕೈಯಲ್ಲಿ ಇಟ್ಟಿದೆ. ‘ಹೋಗಬಹುದು’ ಎಂದಿದೆ, ‘ಹೋಗಬೇಕು’ ಎಂದಲ್ಲ. ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಯಾದರೆ ಸೆಶನ್ಸ್ ಕೋರ್ಟಿಗೆ ಹೋಗಲು 30 ದಿನಗಳ ಗಡುವು. ಅಷ್ಟರೊಳಗೆ ಕಡತ ಪೊಲೀಸರಿಂದ ಸರಕಾರಿ ವಕೀಲರಿಗೆ, ಅಲ್ಲಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ ಬರಬೇಕು. ಬಾಯಾರಿನ ಕೂಲಿಯವನ ಸಾವಿಗಾಗಿ ಅಷ್ಟು ಅವಸರದಲ್ಲಿ ಯಾವ ಕಡತ ಓಡುತ್ತದೆ?

ಸತ್ತವನ ಹೆಂಡತಿ ಮಕ್ಕಳು? ಅವರಿಗೆ 2009ರ ಕೊನೆಯಿಂದ ಅಪೀಲಿನ ಹಕ್ಕು ಬಂದಿದೆ. ದಂಡ ಪ್ರಕ್ರಿಯಾ ಸಂಹಿತೆಯ 372ನೇ ಕಲಮಿಗೆ ಸೇರಿಸಿದ ಪರಂತುಕದ ಪ್ರಕಾರ ಆರೋಪಿ ಖುಲಾಸೆಯಾದರೆ ಅವರು ಅಪೀಲು ಹೋಗಬಹುದು, ಚಿಕ್ಕ ಅಪರಾಧಕ್ಕೆ ಮಾತ್ರ ತಪ್ಪಿತಸ್ಥನೆಂದರೆ ಹೋಗಬಹುದು, ಪರಿಹಾರದ ಹಣ ಕಡಿಮೆಯಾದರೂ ಹೋಗಬಹುದು. ಶಿಕ್ಷೆ ಕಡಿಮೆಯಾಯಿತು ಎಂದು ಮಾತ್ರ ಹೋಗುವಂತಿಲ್ಲ. ಮಗನನ್ನು ಕಳೆದುಕೊಂಡ ತಂದೆಯೊಬ್ಬರು ದೆಹಲಿಯಿಂದ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರು. ಅದು ಕೊಲೆಯ ಪ್ರಕರಣ. ಕಾನೂನಿನ ಮಾತುಗಳಲ್ಲಿ ಆ ಹಕ್ಕು ಇಲ್ಲ ಎಂದು ಕೋರ್ಟು 2020ರಲ್ಲಿ ಸ್ಪಷ್ಟವಾಗಿ ಹೇಳಿತು. ತೀರ್ಪಿನಲ್ಲಿ ತಪ್ಪಿಲ್ಲ. ಕಾನೂನು ಬರೆದವರು ಆ ಮಾತನ್ನು ಬರೆದಿಲ್ಲ, ನ್ಯಾಯಾಧೀಶರು ಬರೆಯಲಾಗದು.

ಆದರೆ ಆ ಮಾತನ್ನು ಬರೆದುಕೊಟ್ಟವರು ಒಬ್ಬರಿದ್ದರು, ಅವರು ನಮ್ಮವರೇ. ವಿ.ಎಸ್. ಮಳೀಮಠ ಮೊದಲು ಕರ್ನಾಟಕ ಹೈಕೋರ್ಟಿನ, ಆಮೇಲೆ ಕೇರಳ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಗಡಿಯ ಎರಡೂ ಬದಿಯ ಕೋರ್ಟುಗಳ ಒಳಹೊರಗು ಬಲ್ಲ ಕನ್ನಡಿಗ. ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆಂದು ಕೇಂದ್ರ ಸರಕಾರ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ನೊಂದವರಿಗೆ ಅಪೀಲಿನ ಹಕ್ಕು ಬೇಕು ಎಂದು ಅದರಲ್ಲಿ ಹೇಳುವಾಗ ಸಮಿತಿ ಎಣಿಸಿದ ಸಂದರ್ಭಗಳು ನಾಲ್ಕು: ಖುಲಾಸೆ, ಚಿಕ್ಕ ಅಪರಾಧಕ್ಕೆ ಇಳಿಸುವುದು, ಸಾಲದ ಶಿಕ್ಷೆ, ಸಾಲದ ಪರಿಹಾರ. ಸಂಸತ್ತು ಕಾನೂನು ಮಾಡುವಾಗ ಮೂರನ್ನು ಎತ್ತಿಕೊಂಡು ಒಂದನ್ನು ಬಿಟ್ಟಿತು. ಬಿಟ್ಟದ್ದು ‘ಸಾಲದ ಶಿಕ್ಷೆ’. ಆ ವರದಿಯ ಬೇರೆ ಹಲವು ಶಿಫಾರಸುಗಳ ಬಗ್ಗೆ, ಅದರಲ್ಲೂ ಆರೋಪಿಯ ಹಕ್ಕುಗಳನ್ನು ಸಡಿಲಿಸುವಂಥವುಗಳ ಬಗ್ಗೆ, ನನಗೆ ಗಟ್ಟಿಯಾದ ತಕರಾರುಗಳಿವೆ. ಆದರೆ ಈ ಒಂದು ವಿಷಯದಲ್ಲಿ ಅವರು ಕಂಡದ್ದು ಸರಿಯಿತ್ತು. 2018ರಲ್ಲಿ ಬಾಗಲಕೋಟೆಯ ಕಡೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಖುಲಾಸೆಯ ವಿರುದ್ಧ ಅಪೀಲು ಹೋಗಲು ನೊಂದವನು ಮೊದಲು ಅನುಮತಿ ಬೇಡಬೇಕಾಗಿಲ್ಲ ಎಂದು ಹೇಳಿ ಬಾಗಿಲನ್ನು ಇನ್ನಷ್ಟು ಅಗಲ ಮಾಡಿತು. ಇಡೀ ಪ್ರಕ್ರಿಯಾ ಸಂಹಿತೆಯನ್ನೇ ಹೊಸದಾಗಿ ಬರೆಯುವ ಅವಕಾಶ 2023ರಲ್ಲಿ ಬಂದಾಗಲೂ ಸಂಸತ್ತು ಹಳೆಯ ಪರಂತುಕವನ್ನು ಹಾಗೆಯೇ ಎತ್ತಿ 413ನೇ ಕಲಮಿನಲ್ಲಿ ಇಟ್ಟಿತು. ಆ ಎರಡು ಪದ ಮತ್ತೆ ಹೊರಗೇ ಉಳಿದವು.

ಇದರಿಂದ ಆಗುವ ವಿಚಿತ್ರವನ್ನು ಗಮನಿಸಿ. ಚಾಲಕ ಪೂರ್ತಿ ಬಿಡುಗಡೆಯಾದರೆ ವಿಧವೆ ಅಪೀಲು ಹೋಗಬಹುದು. ಅವನು ತಪ್ಪಿತಸ್ಥನೆಂದು ಸಾಬೀತಾಗಿ ಒಂದು ದಿನದ ಸಜೆ ಪಡೆದರೆ ಹೋಗುವಂತಿಲ್ಲ. ತಪ್ಪು ಮಾಡಿಲ್ಲ ಎಂಬ ತೀರ್ಪನ್ನು ಆಕೆ ಪ್ರಶ್ನಿಸಬಹುದು, ತಪ್ಪು ಮಾಡಿದ್ದಾನೆ ಆದರೆ ಅದು ಅಷ್ಟೇನೂ ದೊಡ್ಡದಲ್ಲ ಎಂಬ ತೀರ್ಪನ್ನು ಪ್ರಶ್ನಿಸಬಾರದು. ನನ್ನ ಮಟ್ಟಿಗೆ ಎರಡನೆಯ ಮಾತೇ ಮನೆಯವರನ್ನು ಹೆಚ್ಚು ಸುಡುವುದು. ಮೊದಲನೆಯದರಲ್ಲಿ ಸಾಕ್ಷಿ ಸಾಲದೆ ಹೋಯಿತು ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದು.

ಸರಕಾರವೇ ಅಪೀಲು ಹೋದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. ವಾಹನ ಓಡಿಸಿ ಒಬ್ಬರ ಸಾವಿಗೆ ಕಾರಣನಾದ ಚಾಲಕನಿಗೆ ಕೆಳಗಿನ ಕೋರ್ಟು 304ಎ ಪ್ರಕಾರ ಹಾಕಿದ ಶಿಕ್ಷೆ 250 ರೂಪಾಯಿ ದಂಡ. ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕರ್ನಾಟಕ ಸರಕಾರ ಅಷ್ಟಕ್ಕೆ ಬಿಡದೆ ಸುಪ್ರೀಂ ಕೋರ್ಟಿಗೆ ಹೋಯಿತು. 1987ರಲ್ಲಿ ಬಂದ ತೀರ್ಪು ಆ ದಂಡವನ್ನು 6 ತಿಂಗಳ ಕಠಿಣ ಸಜೆ ಮತ್ತು ದಂಡವಾಗಿ ಏರಿಸಿತು. ಯಾವ ಕಾರಣವೂ ಇಲ್ಲದೆ ಇಷ್ಟು ಚಿಕ್ಕ ದಂಡ ಹಾಕಿದರೆ ಯಾರ ಮನಸ್ಸಿಗಾದರೂ ಆಘಾತವಾಗುತ್ತದೆ, ವಿಚಾರಣೆಯೇ ಒಂದು ಅಣಕವಾಗಿತ್ತು ಎಂಬ ಭಾವನೆ ಉಳಿಯುತ್ತದೆ ಎಂಬರ್ಥದ ಮಾತುಗಳನ್ನು ನ್ಯಾಯಮೂರ್ತಿಗಳು ಬರೆದರು. ಕೇರಳದವರಾದ ನ್ಯಾಯಮೂರ್ತಿ ಕೆ.ಟಿ. ಥಾಮಸ್ 2000ದಲ್ಲಿ ಹರಿಯಾಣದ ಚಾಲಕನೊಬ್ಬನಿಗೆ ಪ್ರೊಬೇಷನ್ ಕೊಡಲು ಒಪ್ಪದೆ ತೀರ್ಪು ಬರೆಯುವಾಗ ನೆನಪಿಸಿಕೊಂಡದ್ದು ಕರ್ನಾಟಕದ ಈ ಪ್ರಕರಣವನ್ನೇ. ಇದು ಒಂದೇ ಅಲ್ಲ. ನಾಲ್ವರು ಸತ್ತ ಇನ್ನೊಂದು ಅಪಘಾತದಲ್ಲಿ ಕೆಳಗಿನ ಕೋರ್ಟುಗಳು ಕೊಟ್ಟಿದ್ದ ಸಜೆಯನ್ನು ಹೈಕೋರ್ಟು ಸಡಿಲಿಸಿದಾಗಲೂ ಕರ್ನಾಟಕ ಸರಕಾರ ಮೇಲಕ್ಕೆ ಹೋಯಿತು. ಹಾಗೆ ಸಡಿಲಿಸಬಾರದಿತ್ತು ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು.

ಈ ಎರಡನ್ನು ನಾನು ಹೆಮ್ಮೆಯಿಂದಲೇ ನೆನೆಯುತ್ತೇನೆ. ಆದರೆ ಯೋಚಿಸಿದಂತೆ ಕಳವಳವೂ ಆಗುತ್ತದೆ. ಆ 250 ರೂಪಾಯಿಯನ್ನು ಪ್ರಶ್ನಿಸಬೇಕು ಎಂದು ಯಾವುದೋ ಕಚೇರಿಯಲ್ಲಿ ಯಾರೋ ಒಬ್ಬ ಅಧಿಕಾರಿಗೆ ಅನ್ನಿಸಿದ್ದರಿಂದ ಅದು ಸಾಧ್ಯವಾಯಿತು. ಅನ್ನಿಸದೇ ಹೋದ ಕಡತಗಳು ಎಷ್ಟಿರಬಹುದು? ಸತ್ತವನ ಮನೆಯ ನ್ಯಾಯ ಒಬ್ಬ ಅಧಿಕಾರಿಯ ಅಂದಿನ ಮನಸ್ಸಿನ ಮೇಲೆ ನಿಂತಿರಬಾರದು.

ಎಲ್ಲರ ಕಣ್ಣು ಬಿದ್ದ ಪ್ರಕರಣಗಳಲ್ಲಿ ಸರಕಾರ ಎದ್ದು ನಿಲ್ಲುತ್ತದೆ, ಇದು ನಿಜ. 2006ರ ನವೆಂಬರಿನಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ, ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಮಂದಿ ಸತ್ತರು. ವಿಚಾರಣಾ ಕೋರ್ಟು 304ಎ ಪ್ರಕಾರ ಕೊಟ್ಟದ್ದು 6 ತಿಂಗಳು. ಊರೇ ಕೂಗೆದ್ದಾಗ ಬಾಂಬೆ ಹೈಕೋರ್ಟು ತಾನಾಗಿ ನೋಟೀಸು ಹೊರಡಿಸಿತು, ಮಹಾರಾಷ್ಟ್ರ ಸರಕಾರವೂ ಅಪೀಲು ಹೋಯಿತು. ಅದು ಕೊಲೆಯಲ್ಲದ ಮಾನವಹತ್ಯೆ ಎಂದು ತೀರ್ಮಾನವಾಗಿ ಶಿಕ್ಷೆ 3 ವರ್ಷಕ್ಕೆ ಏರಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಉಳಿಸಿತು. ನಮ್ಮ ಕೇರಳದಲ್ಲಿ 2019ರ ಆಗಸ್ಟ್ 3ರ ನಸುಕಿನಲ್ಲಿ ಪತ್ರಕರ್ತ ಕೆ.ಎಂ. ಬಶೀರ್ ತಿರುವನಂತಪುರದಲ್ಲಿ ಕಾರು ಬಡಿದು ಸತ್ತರು. ಆರೋಪಿ ಹಿರಿಯ ಅಧಿಕಾರಿ. ಅವರ ರಕ್ತದ ಮಾದರಿ ತೆಗೆಯುವುದಕ್ಕೆ ಗಂಟೆಗಟ್ಟಲೆ ತಡವಾದದ್ದು ದೊಡ್ಡ ಚರ್ಚೆಯಾಯಿತು. ಮಾನವಹತ್ಯೆಯ ಕಲಮನ್ನು ಸೆಶನ್ಸ್ ಕೋರ್ಟು ಕೈಬಿಟ್ಟಾಗ ಕೇರಳ ಸರಕಾರ ಹೈಕೋರ್ಟಿಗೆ ಹೋಯಿತು, 2023ರಲ್ಲಿ ಆ ಕಲಮು ಮರಳಿ ಬಂತು. ಅಪರಾಧ ಯಾರದು ಎಷ್ಟು ಎಂದು ಹೇಳಬೇಕಾದದ್ದು ಕೋರ್ಟು, ನಾನಲ್ಲ. ನನಗೆ ಮುಖ್ಯವಾದದ್ದು ಇಷ್ಟೇ: ಬಶೀರ್ ಅವರ ಬೆನ್ನಿಗೆ ಇಡೀ ಕೇರಳದ ಪತ್ರಿಕಾ ಸಮೂಹ ನಿಂತಿತ್ತು. ಕಾರ್ಟರ್ ರಸ್ತೆಯ ಸುದ್ದಿ ತಿಂಗಳುಗಟ್ಟಲೆ ಟಿವಿಯಲ್ಲಿತ್ತು. ಬಾಯಾರಿನ ತಿರುವಿನಲ್ಲಿ ಸತ್ತವನ ಸುದ್ದಿ ಮರುದಿನದ ಪತ್ರಿಕೆಯ ಒಳಪುಟದ ನಾಲ್ಕು ಸಾಲು. ಕಾನೂನು ಇಬ್ಬರಿಗೂ ಒಂದೇ ಆಗಬೇಕಾದರೆ ಹಕ್ಕು ಮನೆಯವರ ಕೈಯಲ್ಲಿರಬೇಕು, ಗದ್ದಲದ ಕೈಯಲ್ಲಲ್ಲ.

ಈಗ ಎದುರು ವಾದಕ್ಕೆ ಬರುತ್ತೇನೆ. ಅದು ಹಗುರವಾದದ್ದಲ್ಲ. ವಕೀಲ ಮಿತ್ರರು ಕೇಳುತ್ತಾರೆ: ಶಿಕ್ಷೆಯ ಅಳತೆಯನ್ನು ನೊಂದವರ ಕೈಗೆ ಕೊಟ್ಟರೆ ಅದು ಸೇಡಾಗುವುದಿಲ್ಲವೇ? ಸತ್ತವನ ತಾಯಿಗೆ ಯಾವ ಶಿಕ್ಷೆ ತಾನೇ ಸಾಕಾದೀತು? ಚಾಲಕನೂ ಬಡವನೇ ಅಲ್ಲವೇ? ಅವನ ಮನೆಯಲ್ಲೂ ಮಕ್ಕಳಿಲ್ಲವೇ? ದಿನಕ್ಕೆ ಇಷ್ಟು ಟ್ರಿಪ್ ಹೊಡೆಯಲೇಬೇಕು ಎಂದು ಗದರಿಸಿದ ಮಾಲೀಕ ಹೊರಗೆ, ಗದರಿಸಿಕೊಂಡವನು ಒಳಗೆ, ಇದು ಯಾವ ನ್ಯಾಯ?

ಕೊನೆಯ ಪ್ರಶ್ನೆ ನನ್ನದೂ ಹೌದು. ಕಲ್ಲಿನ ಲಾರಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಬಾಡಿಗೆ ಸಿಗುವವರೆಗೆ ಚಾಲಕನ ಕಾಲು ಆಕ್ಸಿಲರೇಟರಿನ ಮೇಲೇ ಇರುತ್ತದೆ. ಆ ಲೆಕ್ಕವನ್ನು ಬದಲಿಸದೆ ಚಾಲಕನನ್ನು ಮಾತ್ರ ಜೈಲಿಗೆ ಕಳಿಸಿ ಕೈತೊಳೆದುಕೊಳ್ಳುವುದು ನನಗೂ ಒಪ್ಪಿಗೆಯಿಲ್ಲ. ಅರೆಕ್ಷಣ ಕಣ್ಣು ತಪ್ಪಿದ್ದಕ್ಕೆ ಆದ ಸಾವಿಗೂ ಕುಡಿದು ಓಡಿಸಿದ್ದಕ್ಕೆ ಆದ ಸಾವಿಗೂ ಒಂದೇ ಕಲಮು ಇರುವುದರಿಂದ, ಅದರೊಳಗೆ ನಿಜವಾಗಿ ಕರುಣೆಗೆ ಅರ್ಹರಾದವರು ಬಹಳ ಮಂದಿ ಇದ್ದಾರೆ. ಇಳಿಜಾರಿನಲ್ಲಿ ಬ್ರೇಕ್ ಸೋತು ಅಡ್ಡಬಂದವರನ್ನು ಉಳಿಸಲು ಹೆಣಗಿದವನು, ಗಾಯಾಳುವನ್ನು ತಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು, ಇಂಥವರನ್ನು ಜೈಲಿನಲ್ಲಿಟ್ಟು ಸಮಾಜ ಗಳಿಸುವುದೇನೂ ಇಲ್ಲ.

ಆದರೆ ಕರುಣೆಗೂ ಕಾರಣ ಬೇಕು, ಆ ಕಾರಣ ತೀರ್ಪಿನಲ್ಲಿ ಕಾಣಬೇಕು. ‘ಆರೋಪಿಯ ವಯಸ್ಸು, ಕುಟುಂಬದ ಸ್ಥಿತಿ ಇತ್ಯಾದಿ ಪರಿಗಣಿಸಿ’ ಎಂಬ ಅರ್ಧ ಸಾಲು ಬರೆದು ಮುಗಿಸಿದರೆ ಅದನ್ನು ಕರುಣೆ ಎನ್ನಲಾರೆ. ಅಪೀಲು ಎಂದರೆ ಶಿಕ್ಷೆಯನ್ನು ನೊಂದವರೇ ಅಳೆಯುವುದಲ್ಲ. ಅಳೆಯುವವರು ಮೇಲಿನ ನ್ಯಾಯಾಧೀಶರು. ಮನೆಯವರು ಕೇಳುವುದು, ಕೊಟ್ಟ ಅಳತೆಯನ್ನು ಇನ್ನೊಮ್ಮೆ ನೋಡಿ ಎಂದು ಮಾತ್ರ. ಸೇಡಿನ ಭಯಕ್ಕೆ ಉತ್ತರ ಕಾನೂನಿನ ಒಳಗೇ ಇದೆ. ಸರಕಾರದ ಅಪೀಲಿನಲ್ಲೂ ಶಿಕ್ಷೆ ಏರಿಸುವ ಮೊದಲು ಆರೋಪಿಗೆ ನೋಟೀಸು ಕೊಟ್ಟು ಅವನ ಮಾತು ಕೇಳಲೇಬೇಕು. ಅಷ್ಟೇ ಅಲ್ಲ, ನನ್ನನ್ನು ಪೂರ್ತಿ ಖುಲಾಸೆ ಮಾಡಿ, ಇಲ್ಲವೇ ಶಿಕ್ಷೆ ಇನ್ನೂ ಇಳಿಸಿ ಎಂದು ಅದೇ ಅಪೀಲಿನಲ್ಲಿ ಅವನು ವಾದಿಸಬಹುದು. ಅದೇ ರಕ್ಷಣೆ ಮನೆಯವರ ಅಪೀಲಿಗೂ ಇರಲಿ. ಸುಮ್ಮನೆ ಸತಾಯಿಸಲು ಬರುವವರನ್ನು ತಡೆಯಲು ಕೋರ್ಟಿನ ಅನುಮತಿ ಬೇಕು ಎಂಬ ಜರಡಿಯನ್ನೂ ಇಡಬಹುದು. ಖುಲಾಸೆಯ ವಿಷಯದಲ್ಲಿ ಬೇಡವಾದ ಆ ಜರಡಿಯನ್ನು ಇಲ್ಲಿ ನಾನೇ ಒಪ್ಪುತ್ತೇನೆ. ಶಿಕ್ಷೆ ಎರಡು ತಿಂಗಳು ಹೆಚ್ಚೋ ಕಡಿಮೆಯೋ ಎಂದು ಪ್ರತಿ ಪ್ರಕರಣವೂ ಮೇಲೇರಿದರೆ ಕೋರ್ಟುಗಳು ಉಸಿರುಗಟ್ಟುತ್ತವೆ.

ಪರಿಹಾರ ಸಿಕ್ಕಿತಲ್ಲ, ಇನ್ನೇನು ಎಂಬ ಮಾತೂ ಕೇಳಿಬರುತ್ತದೆ. ಪಂಜಾಬಿನ ಪ್ರಕರಣವೊಂದರಲ್ಲಿ ಇಬ್ಬರು ಸತ್ತಿದ್ದರು, ಚಾಲಕನಿಗೆ 1 ವರ್ಷದ ಸಜೆಯಾಗಿತ್ತು. 85,000 ರೂಪಾಯಿ ಪರಿಹಾರ ಕೊಟ್ಟಿದ್ದಾನೆಂದು ಹೈಕೋರ್ಟು ಅವನು ಆಗಲೇ ಅನುಭವಿಸಿದ್ದ 24 ದಿನಕ್ಕೇ ಶಿಕ್ಷೆಯನ್ನು ಇಳಿಸಿತು. ಸರಕಾರ ಅಪೀಲು ಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟು ಅದನ್ನು 6 ತಿಂಗಳಿಗೆ ಏರಿಸಿ, 304ಎ ಕಲಮನ್ನೇ ಮತ್ತೆ ನೋಡಬೇಕು ಎಂದು ಶಾಸನ ಮಾಡುವವರಿಗೆ ಕಿವಿಮಾತು ಹೇಳಿತು. ಪರಿಹಾರ ಮನೆಯ ಒಲೆ ಉರಿಯಲು ಬೇಕು, ಅದು ಹೆಚ್ಚಲಿ, ಬೇಗ ಸಿಗಲಿ. ಆದರೆ ಬಹುಪಾಲು ಪ್ರಕರಣಗಳಲ್ಲಿ ಆ ಹಣ ಬರುವುದು ವಿಮಾ ಕಂಪೆನಿಯಿಂದ. ತಪ್ಪು ಮಾಡಿದವನ ಜೇಬಿನಿಂದ ಹೋಗದ ಹಣವನ್ನು ಅವನ ಶಿಕ್ಷೆಯ ಲೆಕ್ಕದಲ್ಲಿ ಜಮೆ ಮಾಡುವುದು ಹೇಗೆ? ಹಣ ಇದ್ದವನು ತಾನೇ ಕೊಟ್ಟನೆಂದರೆ ಇನ್ನೂ ಕಷ್ಟ. ಆಗ ಜೈಲು ಬಡ ಚಾಲಕರಿಗೆ ಮಾತ್ರ ಉಳಿಯುತ್ತದೆ.

ಈ ಇಕ್ಕಟ್ಟನ್ನು ಬಹಳ ಮೊದಲೇ ಕಂಡವರು ವಿ.ಆರ್. ಕೃಷ್ಣ ಅಯ್ಯರ್. ತಲಶ್ಶೇರಿಯಲ್ಲಿ ವಕೀಲಿ ಮಾಡಿದವರು, 1957ರ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಕಾನೂನು ಮಂತ್ರಿಯಾಗಿದ್ದವರು, ಬಡವರ ಪರವಾದ ತೀರ್ಪುಗಳಿಗೆ ಹೆಸರಾದವರು. ಅಂಥವರೇ 1979ರಲ್ಲಿ ಲಾರಿ ಚಾಲಕನೊಬ್ಬನ 2 ವರ್ಷದ ಸಜೆಯನ್ನು ಇಳಿಸಲು ಒಪ್ಪಲಿಲ್ಲ. ಅದೇ ತೀರ್ಪಿನಲ್ಲಿ ಇನ್ನೆರಡು ಮಾತು ಸೇರಿಸಿದರು. ಸೆರೆಯಲ್ಲಿರುವ ಚಾಲಕನಿಗೆ ಜವಾಬ್ದಾರಿಯ ಚಾಲನೆಯನ್ನು ಕಲಿಸುವ ಏರ್ಪಾಡು ಬೇಕು ಎಂಬುದು ಒಂದು. ಅಪರಾಧದಿಂದ ನೊಂದವರ ಕಡೆಗೆ ನಮ್ಮ ಕಾನೂನು ನೋಡುವುದೇ ಇಲ್ಲ, ಅದು ಅದರ ದೌರ್ಬಲ್ಯ ಎಂಬುದು ಇನ್ನೊಂದು. ಕಠಿಣತೆಯನ್ನೂ ಮನುಷ್ಯತ್ವವನ್ನೂ ಒಂದೇ ತೀರ್ಪಿನಲ್ಲಿ ಇಡಬಹುದು ಎಂದು ಅವರು ತೋರಿಸಿದ್ದರು. ನಾನು ಕೇಳುತ್ತಿರುವುದೂ ಅದನ್ನೇ.

ಬೇರೆ ಕಡೆ ಹೇಗಿದೆ ಎಂದು ನೋಡಿದರೆ ಇಂಗ್ಲೆಂಡಿನ ಏರ್ಪಾಡು ಪರಿಶೀಲಿಸಲು ಯೋಗ್ಯ. ಅಲ್ಲಿನ 1988ರ ಕಾಯ್ದೆಯ ಪ್ರಕಾರ ಗಂಭೀರ ಅಪರಾಧಕ್ಕೆ ಕೊಟ್ಟ ಶಿಕ್ಷೆ ತೀರ ಸಡಿಲ ಎನ್ನಿಸಿದರೆ ಯಾರು ಬೇಕಾದರೂ, ಮನೆಯವರೇ ಆಗಬೇಕೆಂದಿಲ್ಲ, ಅಟಾರ್ನಿ ಜನರಲರಿಗೆ ಬರೆದು ತಿಳಿಸಬಹುದು. ಶಿಕ್ಷೆಯಾದ 28 ದಿನಗಳೊಳಗೆ ಅವರು ನಿರ್ಧರಿಸಿ, ಸರಿ ಕಂಡರೆ ಮೇಲ್ಮನವಿ ನ್ಯಾಯಾಲಯದ ಮುಂದೆ ಇಡುತ್ತಾರೆ. ಅಪಾಯಕಾರಿ ಚಾಲನೆಯಿಂದ ಸಾವು ಎಂಬ ಅಪರಾಧವೂ ಅದರೊಳಗೆ ಬರುತ್ತದೆ. 2022ರ ಜೂನ್ 28ರಿಂದ ಅದಕ್ಕೆ ಗರಿಷ್ಠ ಶಿಕ್ಷೆ 14 ವರ್ಷದಿಂದ ಜೀವಾವಧಿಗೆ ಏರಿದೆ. ಜೀವಾವಧಿ ನನಗೆ ಅತಿ ಎನಿಸುತ್ತದೆ, ಅದು ಇಲ್ಲಿಗೆ ಬೇಡ. ನನ್ನ ಮನಸ್ಸಿನಲ್ಲಿ ಉಳಿಯುವುದು ಆ ಕಾಗದ ಬರೆಯುವ ಹಕ್ಕು. ಬರೆದವರ ಮನೆಗೆ ಅಪೀಲಿನ ಅಧಿಕಾರ ಬರುವುದಿಲ್ಲ, ಆದರೆ ಕೇಳಿದ್ದನ್ನು ಒಬ್ಬ ಹೊಣೆಗಾರ ಅಧಿಕಾರಿ ಓದಿ ತೀರ್ಮಾನಿಸಲೇಬೇಕು. ಜೊತೆಗೆ ಅಲ್ಲಿ ಶಿಕ್ಷೆಯ ಮಾರ್ಗಸೂಚಿಗಳಿವೆ. ಕುಡಿದಿದ್ದರೆ ಎಷ್ಟು, ಓಡಿಹೋದರೆ ಎಷ್ಟು, ಹಿಂದೆ ಇಂಥದೇ ತಪ್ಪು ಮಾಡಿದ್ದರೆ ಎಷ್ಟು ಹೆಚ್ಚಬೇಕು ಎಂಬ ಹಾದಿ ಬರವಣಿಗೆಯಲ್ಲಿದೆ. ಅದನ್ನು ಬಿಟ್ಟು ನಡೆಯುವ ನ್ಯಾಯಾಧೀಶರು ಕಾರಣ ಹೇಳಬೇಕು. ನಮ್ಮಲ್ಲೂ ಅಂಥ ಮಾರ್ಗಸೂಚಿ ಬೇಕೆಂದು ಮಳೀಮಠ ಸಮಿತಿ ಹೇಳಿತ್ತು. ಅದೂ ಆಗಲಿಲ್ಲ.

ನಮ್ಮ ಗಡಿಯ ಮಟ್ಟಿಗೆ ಇನ್ನೊಂದು ತೊಡಕು ಭಾಷೆಯದು. ಅದನ್ನು ಕನ್ನಡದ ಅಭಿಮಾನದ ಪ್ರಶ್ನೆಯಾಗಿ ಇಲ್ಲಿ ಎತ್ತುತ್ತಿಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು, ಅದರ ಕೋರ್ಟುಗಳು ನಮ್ಮವೇ. ಆದರೆ ಪೊಲೀಸರು ಮಲಯಾಳದಲ್ಲಿ ಬರೆದುಕೊಂಡ ಹೇಳಿಕೆ, ಇಂಗ್ಲಿಷಿನಲ್ಲಿ ಬಂದ ತೀರ್ಪು, ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಮಾತಾಡಿ ಶಾಲೆಯಲ್ಲಿ ಕನ್ನಡ ಓದಿದ ವಿಧವೆ, ಇವುಗಳ ನಡುವೆ ಆ 30 ದಿನ ಹೇಗೆ ಕರಗುತ್ತವೆ ಎಂಬುದು ಇಲ್ಲಿ ಬದುಕಿದವರಿಗೆ ಗೊತ್ತು. ಕೇಳಿದರೆ, ಸಾಧ್ಯವಿದ್ದರೆ, ತೀರ್ಪಿನ ಭಾಷಾಂತರವನ್ನು ಆರೋಪಿಗೆ ಅವನ ಭಾಷೆಯಲ್ಲಿ ಕೊಡಬೇಕು ಎಂದು ಪ್ರಕ್ರಿಯಾ ಸಂಹಿತೆಯಲ್ಲಿದೆ. ಅದು ಇರಲೇಬೇಕಾದದ್ದು. ಸತ್ತವನ ಮನೆಯವರಿಗೆ ಮಾತ್ರ ಹಣ ಕಟ್ಟಿದರೆ ಪ್ರತಿ ಸಿಗುತ್ತದೆ, ಭಾಷಾಂತರದ ಮಾತಿಲ್ಲ. ಕಾಸರಗೋಡಿನ ಭಾಷಾ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು ಎಂದು ಕೇರಳವೇ 1969ರಲ್ಲಿ ಕಾನೂನು ಮಾಡಿದೆ. ತೀರ್ಪು ಬಂದ ದಿನವೇ ‘ಇಂಥ ಶಿಕ್ಷೆಯಾಗಿದೆ, ಇಷ್ಟು ದಿನದೊಳಗೆ ಹೀಗೆ ಕೇಳಬಹುದು’ ಎಂದು ಕನ್ನಡದಲ್ಲಿ ಮನೆಗೆ ಒಂದು ಪುಟದ ತಿಳಿವಳಿಕೆ ಕಳುಹಿಸುವುದಕ್ಕೆ ಸಂಸತ್ತು ಸೇರಬೇಕಾಗಿಲ್ಲ. ಜಿಲ್ಲಾ ಮಟ್ಟದಲ್ಲಿ ಮನಸ್ಸಿದ್ದರೆ ಸಾಕು. ಸರಕಾರ ಅಪೀಲು ಹೋಗುವುದಿಲ್ಲ ಎಂದು ನಿರ್ಧರಿಸಿದರೆ, ಯಾಕೆ ಎಂದು ಮನೆಯವರಿಗೆ ಬರೆದು ಹೇಳುವುದೂ ಅಷ್ಟೇ ಸುಲಭ.

ಕಾನೂನು ಬದಲಾಗುವವರೆಗೆ ಮನೆಯವರು ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದನ್ನೂ ಹೇಳಬೇಕು, ಯಾಕೆಂದರೆ ಇದು ಬಹಳ ಮಂದಿಗೆ ತಿಳಿದಿಲ್ಲ. ತೀರ್ಪಿನ ತಾರೀಕನ್ನು ಸರಕಾರಿ ವಕೀಲರ ಕಚೇರಿಯಲ್ಲಿ ಕೇಳಿ ಗೊತ್ತುಮಾಡಿಕೊಳ್ಳಿ. ತೀರ್ಪು ಬಂದ ದಿನವೇ ಅದರ ದೃಢೀಕೃತ ಪ್ರತಿಗೆ ವಿದ್ಯಾನಗರದ ಕೋರ್ಟಿನಲ್ಲಿ ಅರ್ಜಿ ಹಾಕಿ. ಪ್ರತಿ ಸಿಗಲು ಹಿಡಿದ ದಿನಗಳನ್ನು ಗಡುವಿನಿಂದ ಕಳೆಯುತ್ತಾರೆ. ಶಿಕ್ಷೆ ಸಾಲದು ಎನಿಸಿದರೆ ಅಪೀಲು ಹೋಗುವಂತೆ ಕೇಳಿ ಸರಕಾರಿ ವಕೀಲರಿಗೂ ಜಿಲ್ಲಾಧಿಕಾರಿಗೂ 30 ದಿನ ಕಾಯದೆ, ಮೊದಲ ವಾರದಲ್ಲೇ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ರಸೀದಿ ಇಟ್ಟುಕೊಳ್ಳಿ. ಅವರು ಹೋಗದಿದ್ದರೆ ಸೆಶನ್ಸ್ ಕೋರ್ಟಿಗೆ ರಿವಿಜನ್ ಅರ್ಜಿ ಎಂಬ ಇನ್ನೊಂದು ದಾರಿ ಇದೆ. ಅದಕ್ಕೆ ಗಡುವು 90 ದಿನ. ಅದು ಹಕ್ಕಲ್ಲ, ಕೋರ್ಟಿನ ವಿವೇಚನೆಗೆ ಬಿಟ್ಟದ್ದು. ಆದರೂ ಶಿಕ್ಷೆಯನ್ನು ಏರಿಸುವ ಅಧಿಕಾರ ಆ ವಿವೇಚನೆಯೊಳಗೆ ಇದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯ ಪ್ರಕಾರ ಉಚಿತ ಕಾನೂನು ನೆರವು ಕೇಳುವ ಹೆಂಗಸಿಗೆ ಆದಾಯದ ಮಿತಿಯ ಪ್ರಶ್ನೆಯಿಲ್ಲ. ಬಾಯಾರಿನಿಂದ ಬೆಳಗ್ಗಿನ ಬಸ್ಸಿಗೆ ಹೊರಟರೆ ಕೋರ್ಟು ಏಳುವ ಮೊದಲು ಆ ಅರ್ಜಿ ಕೊಟ್ಟು ಬರಬಹುದು.